ಮೌಸ್ ಯಾರ ಕೈಯಲ್ಲಿದೆ? ತಂತ್ರಜ್ಞಾನದ ಮಾನದಂಡ ಮತ್ತು ನಮ್ಮ ತರಗತಿ

2024ರ ಆಗಸ್ಟ್ 12, ಸೋಮವಾರ. ಹತ್ತನೇ ತರಗತಿಗೆ ಗಣಿತ ಪಾಠಕ್ಕೆ ಹೋದೆ. ಯಾವ ಮಗುವೂ ಪುಸ್ತಕ ತೆಗೆದಿರಲಿಲ್ಲ. ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಗಿತ್ತು. ನಮ್ಮದು ಕೊಪ್ಪಳ ಜಿಲ್ಲೆ, ಗಂಗಾವತಿ ಕಡೆಯ ಸರ್ಕಾರಿ ಪ್ರೌಢಶಾಲೆ. ಎಡದಂಡೆ ಕಾಲುವೆಗೆ ನೀರು ಬರದಿದ್ದರೆ ಈ ಭಾಗದಲ್ಲಿ ಭತ್ತ ಇಲ್ಲ. ಕೆಲವು ಮಕ್ಕಳ ಮನೆಯಲ್ಲಿ ನಾಟಿ ಮುಗಿದಿತ್ತು, ಕೆಲವರದು ಇನ್ನೂ ನಡೆದಿತ್ತು.

“ಸರ, ಡ್ಯಾಮ್ ಪೂರ್ತಿ ಒಡೀತಂತ, ಖರೇನ್ರಿ?” ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಅವಳ ಮಾಮನ ಫೋನಿಗೆ ಒಂದು ವಿಡಿಯೋ ಬಂದಿತ್ತಂತೆ. ಅದೇ ವಿಡಿಯೋ ನನಗೂ ಬಂದಿತ್ತು. ‘ಸುಳ್ಳು, ನಂಬಬೇಡಿ’ ಎಂದು ಒಂದೇ ಮಾತಲ್ಲಿ ಮುಗಿಸಬಹುದಿತ್ತು. ಹಾಗೆ ಮಾಡಲು ಮನಸ್ಸಾಗಲಿಲ್ಲ. ಫೋನನ್ನು ತರಗತಿಯ ಟಿವಿಗೆ ಜೋಡಿಸಿ ವಿಡಿಯೋ ಹಾಕಿದೆ. “ಇದು ನಮ್ಮ ಡ್ಯಾಮ್ ಹೌದೋ ಅಲ್ಲೋ ಅಂತ ನೀವು ಹೆಂಗ ಗೊತ್ತು ಮಾಡ್ತೀರಿ?” ಎಂದು ಕೇಳಿದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ಮುನಿರಾಬಾದಿಗೆ ಹೋಗಿಬಂದಿದ್ದ ಒಬ್ಬ ಹುಡುಗ ಟಿವಿ ಹತ್ತಿರ ಬಂದು ಬೆರಳಿಟ್ಟು ಎಣಿಸತೊಡಗಿದ. “ಸರ, ನಮ್ಮ ಡ್ಯಾಮಿಗೆ 33 ಗೇಟ್ ಅದಾವ್ರಿ. ಇದಕ್ಕ ಎಂಟ ಅದಾವ.” ಇನ್ನೊಬ್ಬಳು ಹಿಂದಿನ ಗುಡ್ಡ ತೋರಿಸಿದಳು. ನಮ್ಮ ಗುಡ್ಡಗಳಲ್ಲಿ ಬರೀ ಬಂಡೆ. ವಿಡಿಯೋದ ಗುಡ್ಡದ ತುಂಬ ದಟ್ಟ ಕಾಡು. ನಾನು ಬೋರ್ಡಿನ ಮೇಲೆ ಮೂರು ಕಾಲಂ ಎಳೆದೆ: ಯಾರು ಹೇಳಿದರು, ಯಾವಾಗ ಹೇಳಿದರು, ಅವರಿಗೆ ಹೇಗೆ ಗೊತ್ತಾಯಿತು. ಮಾಮನ ಫೋನಿನ ವಿಡಿಯೋ, ಆ ದಿನದ ಪತ್ರಿಕೆ, ಜಿಲ್ಲಾಡಳಿತದ ಪ್ರಕಟಣೆ, ಒಂದೊಂದನ್ನೂ ಆ ಕಾಲಂಗಳಲ್ಲಿ ತುಂಬಿದೆವು. ಕೊನೆಗೆ ಮಕ್ಕಳೇ ಬೇರೆ ಬೇರೆ ಮಾಡಿ ಹೇಳಿದರು. ಗೇಟು ಹೋದದ್ದು ನಿಜ. ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡುತ್ತಿರುವುದು ನಿಜ. ನದಿ ದಂಡೆಯವರು ಹುಷಾರಾಗಿರಬೇಕಾದದ್ದೂ ನಿಜ. ಡ್ಯಾಮ್ ಒಡೆಯಿತು ಅನ್ನುವುದು ಮಾತ್ರ ಸುಳ್ಳು.

ಒಂದು ಪಿರಿಯಡ್ ಗಣಿತ ಹೋಯಿತಲ್ಲ ಎಂಬ ಅಳುಕು ಆ ದಿನ ನನಗಿತ್ತು. ಕೆಲವು ತಿಂಗಳ ನಂತರ ಒಂದು ತರಬೇತಿಯಲ್ಲಿ ಶೈಕ್ಷಣಿಕ ತಂತ್ರಜ್ಞಾನದ ಮಾನದಂಡಗಳನ್ನು ಓದಲು ಕೊಟ್ಟರು. ಮಾಹಿತಿ ಸರಿ ಇದೆಯೇ, ಯಾರ ಕಣ್ಣಿನಿಂದ ಹೇಳಿದ್ದು, ನಂಬಲು ಯೋಗ್ಯವೇ ಎಂದು ವಿದ್ಯಾರ್ಥಿ ತೂಗಿ ನೋಡಬೇಕು ಎಂಬ ಸಾಲು ಅದರಲ್ಲಿತ್ತು. ನಾವು ಆ ಸೋಮವಾರ ಮಾಡಿದ್ದು ಅದನ್ನೇ ಅಲ್ವಾ ಅನ್ನಿಸಿತು. ಲ್ಯಾಬಿನ ಬಾಗಿಲು ತೆಗೆದಿರಲಿಲ್ಲ. ಒಂದು ಫೋನು, ಒಂದು ಟಿವಿ, ಒಂದು ಬೋರ್ಡು ಸಾಕಾಗಿತ್ತು. ಅಂದಿನಿಂದ ಈ ವಿಷಯದ ಬೆನ್ನು ಹತ್ತಿದ್ದೇನೆ. ಮಾನದಂಡ ಎಂಬುದು ಏನು, ಅದು ನಮ್ಮ ತರಗತಿಯೊಳಗೆ ಯಾಕೆ ಬರುತ್ತಿಲ್ಲ, ಬರಬೇಕಾದರೆ ಹೇಗೆ ಎಂಬುದನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ.

ಮಾನದಂಡ ಏನನ್ನು ಕೇಳುತ್ತದೆ

ಶಾಲೆಗೆ ಇಷ್ಟು ಕಂಪ್ಯೂಟರ್ ಬೇಕು, ಇಷ್ಟು ವೇಗದ ಇಂಟರ್‌ನೆಟ್ ಬೇಕು ಅನ್ನುವುದು ಸೌಕರ್ಯದ ಮಾತು. ಮಾನದಂಡದ ಪ್ರಶ್ನೆ ಬೇರೆ. ಈ ಸಲಕರಣೆ ಕೈಗೆ ಸಿಕ್ಕಾಗ ಮಗು ಏನು ಮಾಡಬಲ್ಲದು? ಅದಕ್ಕೆ ಶಿಕ್ಷಕರು ಹೇಗೆ ದಾರಿ ಮಾಡಿಕೊಡಬೇಕು?

ಜಗತ್ತಿನಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಐಎಸ್‌ಟಿಇ ಎಂಬ ಸಂಸ್ಥೆಯ ಮಾನದಂಡ. ವಿದ್ಯಾರ್ಥಿಗಳಿಗಾಗಿ ಮೊದಲು 1998ರಲ್ಲಿ ಬಂತು. 2007ರಲ್ಲಿ, ಮತ್ತೆ 2016ರಲ್ಲಿ ತಿದ್ದಿ ಬರೆದರು. ಆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಮುಖ್ಯ ಬದಲಾವಣೆ ಕಾಣುತ್ತದೆ. 1998ರದ್ದು ತಂತ್ರಜ್ಞಾನ ಬಳಸುವುದನ್ನು ಕಲಿಯಿರಿ ಎಂದಿತು. 2007ರದ್ದು ಕಲಿಯುವುದಕ್ಕೆ ತಂತ್ರಜ್ಞಾನ ಬಳಸಿರಿ ಎಂದಿತು. 2016ರದ್ದು ಇನ್ನೂ ಮುಂದೆ ಹೋಗಿ, ತಂತ್ರಜ್ಞಾನದಿಂದ ಕಲಿಯುವ ರೀತಿಯೇ ಬದಲಾಗಬೇಕು ಎಂದಿತು. ಈಗ ಅದರಲ್ಲಿರುವುದು ಏಳು ಅಂಶ: ತನ್ನ ಕಲಿಕೆಗೆ ತಾನೇ ಗುರಿ ಇಟ್ಟುಕೊಳ್ಳುವುದು, ಆನ್‌ಲೈನ್‌ನಲ್ಲಿ ಜವಾಬ್ದಾರಿಯಿಂದ ನಡೆದುಕೊಳ್ಳುವುದು, ಮಾಹಿತಿ ಹುಡುಕಿ ತೂಗಿ ತಿಳಿವು ಕಟ್ಟಿಕೊಳ್ಳುವುದು, ಸಮಸ್ಯೆಗೆ ಹೊಸ ಪರಿಹಾರ ರೂಪಿಸುವುದು, ದೊಡ್ಡ ಸಮಸ್ಯೆಯನ್ನು ಸಣ್ಣ ಹಂತಗಳಾಗಿ ಒಡೆದು ಯೋಚಿಸುವುದು, ತನ್ನ ಮಾತನ್ನು ಬೇರೆ ಬೇರೆ ಮಾಧ್ಯಮದಲ್ಲಿ ಹೇಳುವುದು, ಬೇರೆ ಊರಿನವರ ಜೊತೆ ಸೇರಿ ಕೆಲಸ ಮಾಡುವುದು. ಇದರಲ್ಲಿ ಒಂದು ಆ್ಯಪಿನ ಹೆಸರೂ ಇಲ್ಲ, ಗಮನಿಸಿ.

ಹೆಸರು ಇಲ್ಲದಿರುವುದಕ್ಕೆ ಅರ್ಥ ಇದೆ. ಶಿಕ್ಷಣದ ತಂತ್ರಜ್ಞಾನದ ಬಗ್ಗೆ ಯುನೆಸ್ಕೋ 2023ರಲ್ಲಿ ಒಂದು ಜಾಗತಿಕ ವರದಿ ತಂದಿತು. ಈ ಕ್ಷೇತ್ರದ ಉತ್ಪನ್ನಗಳು ಸರಾಸರಿ 36 ತಿಂಗಳಿಗೊಮ್ಮೆ ಬದಲಾಗುತ್ತವೆ ಎಂದು ಅದು ಹೇಳುತ್ತದೆ. ಎಂಟನೇ ತರಗತಿಗೆ ಸೇರಿದ ಮಗು ಎಸ್‌ಎಸ್‌ಎಲ್‌ಸಿ ಮುಗಿಸುವುದೂ ಮೂರೇ ವರ್ಷದಲ್ಲಿ. ಒಂದು ಆ್ಯಪಿನ ಬಟನ್ ಎಲ್ಲೆಲ್ಲಿದೆ ಎಂದು ಕಲಿಸಿದರೆ, ಮಗು ಶಾಲೆ ಬಿಡುವಾಗ ಆ ಬಟನ್ ಇರುತ್ತದೋ ಇಲ್ಲವೋ. ಗೇಟು ಎಣಿಸಿ ವಿಡಿಯೋ ಪರೀಕ್ಷಿಸುವ ಗುಣ ಮಾತ್ರ ಉಳಿಯುತ್ತದೆ.

ಶಿಕ್ಷಕರಿಗೂ ಮಾನದಂಡ ಇದೆ. ಯುನೆಸ್ಕೋದ ಚೌಕಟ್ಟು 2008ರಲ್ಲಿ ಬಂದು, 2011 ಮತ್ತು 2018ರಲ್ಲಿ ಪರಿಷ್ಕರಣೆ ಆಯಿತು. ಈಗಿನದರಲ್ಲಿ 18 ಸಾಮರ್ಥ್ಯಗಳಿವೆ, ಮೂರು ಹಂತಗಳಲ್ಲಿ. ಮೊದಲು ಜ್ಞಾನ ಪಡೆಯುವುದು, ನಂತರ ಅದನ್ನು ಆಳವಾಗಿಸುವುದು, ಕೊನೆಗೆ ಹೊಸ ಜ್ಞಾನ ಸೃಷ್ಟಿಸುವುದು. ನಮ್ಮ ದೇಶದಲ್ಲಿ 2012ರ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ನೀತಿ, ಅದರ ಹಿಂದೆಯೇ ಎನ್‌ಸಿಇಆರ್‌ಟಿ ಕಡೆಯಿಂದ ಬಂದ ಐಸಿಟಿ ಪಠ್ಯಕ್ರಮ, 2017ರಲ್ಲಿ ಪಾಠಗಳ ಆನ್‌ಲೈನ್ ವೇದಿಕೆ ದೀಕ್ಷಾ, 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಇವೆಲ್ಲ ಇದೇ ದಿಕ್ಕಿನ ಮಾತು ಆಡುತ್ತವೆ. ಕಾಗದದ ಮೇಲೆ ನಮಗೆ ಕೊರತೆ ಇಲ್ಲ.

ತರಗತಿಯ ಬಾಗಿಲಲ್ಲೇ ನಿಂತದ್ದು ಯಾಕೆ

ನಾನು ಮೊದಲು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹತ್ತು ಕಂಪ್ಯೂಟರ್‌ಗಳ ಲ್ಯಾಬ್ ಇತ್ತು. ಬೀಗದ ಕೈ ಹೆಡ್‌ಮಾಸ್ಟರ್ ಅಲ್ಮೇರಾದಲ್ಲಿ ಇರುತ್ತಿತ್ತು. ಯಾರಾದರೂ ಅಧಿಕಾರಿಗಳು ಬಂದಾಗ ಬಾಗಿಲು ತೆರೆಯುತ್ತಿತ್ತು. ಹೆಡ್‌ಮಾಸ್ಟರ್ ಅವರದು ತಪ್ಪು ಎಂದು ನಾನು ಹೇಳಲಾರೆ. ಒಂದು ಮೌಸ್ ಹೋದರೂ ದಾಸ್ತಾನು ಪುಸ್ತಕದಲ್ಲಿ ಉತ್ತರ ಬರೆಯಬೇಕಾದವರು ಅವರೇ. ಯುಪಿಎಸ್ ಬ್ಯಾಟರಿ ಸತ್ತರೆ ಹೊಸದು ಹಾಕಲು ಯಾವ ಲೆಕ್ಕದಿಂದ ದುಡ್ಡು ತೆಗೆಯಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಾಗಿರುವಾಗ ಬೀಗ ಹಾಕುವುದೇ ಅವರಿಗೆ ಕ್ಷೇಮ ಅನ್ನಿಸಿತ್ತು.

ಇದರ ಹಿಂದೆ ಒಂದು ಲೆಕ್ಕದ ರೀತಿ ಇದೆ. ಪ್ರತಿ ವರ್ಷ ಯು-ಡೈಸ್, ಅಂದರೆ ಶಾಲೆಗಳ ಅಂಕಿಅಂಶದ ನಮೂನೆ ತುಂಬುತ್ತೇವೆ. ಕಂಪ್ಯೂಟರ್ ಎಷ್ಟು, ಎಷ್ಟು ನಡೆಯುತ್ತವೆ, ಇಂಟರ್‌ನೆಟ್ ಇದೆಯೇ. ಯೋಜನೆ ಮಾಡುವವರಿಗೆ ಆ ಅಂಕಿ ಬೇಕು, ನಿಜ. ಆದರೆ ಶಾಲೆ ಎಣಿಸುವುದು ಅದನ್ನೊಂದೇ ಆದಾಗ, ಎಣಿಸಿದ್ದೇ ಗುರಿ ಆಗುತ್ತದೆ. ಮಗು ಏನು ಮಾಡಬಲ್ಲದು ಎಂಬುದು ಆ ಎಣಿಕೆಯಲ್ಲಿ ಕಾಣುವುದಿಲ್ಲ.

ಎರಡನೆಯದು, ತಂತ್ರಜ್ಞಾನ ಅಂದರೆ ತೋರಿಸುವುದು ಎಂಬ ನಮ್ಮ ಅಭ್ಯಾಸ. ಇದು ಹಳೆಯದು. 2004ರಲ್ಲಿ ಇಸ್ರೋ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಕರ್ನಾಟಕದಲ್ಲಿ ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ ಅದರ ಪಾಠ ಮೊದಲು ಬಂತು. ಕೋವಿಡ್ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಶಾಲೆ ಮುಚ್ಚಿದ್ದ ಆ ದಿನಗಳಲ್ಲಿ ಅವು ಎಷ್ಟೋ ಮನೆಗೆ ಪಾಠ ತಲುಪಿಸಿದವು, ಅದರ ಉಪಕಾರ ಮರೆಯುವಂತಿಲ್ಲ. ಆದರೂ ಪಾಠ ಆ ಕಡೆಯಿಂದ ಈ ಕಡೆಗೆ ಬರುತ್ತದೆ. ಮಗು ನೋಡುತ್ತದೆ, ಕೇಳುತ್ತದೆ. ಈಗ ಸ್ಮಾರ್ಟ್ ಬೋರ್ಡ್ ಬಂದ ಮೇಲೂ ನಾವು ಮಾಡುತ್ತಿರುವುದು ಜಾಸ್ತಿ ಪಾಲು ಅದನ್ನೇ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ವಿಡಿಯೋ ಹಾಕಿ ಪಕ್ಕಕ್ಕೆ ನಿಲ್ಲುತ್ತೇವೆ. ಮಾನದಂಡಗಳ ಲೆಕ್ಕದಲ್ಲಿ ನಾವಿನ್ನೂ 1998ರ ಹತ್ತಿರವೇ ಇದ್ದೇವೆ. ಬಳಸುವುದು ಗೊತ್ತು, ಬಳಸಿ ಕಲಿಸುವುದು ಕೈಗೆ ಹತ್ತಿಲ್ಲ.

ಮೂರನೆಯದು ನಮ್ಮ ಭಾಗದ ಬದುಕು. ಐಎಸ್‌ಟಿಇ ಮಾನದಂಡ ಹುಟ್ಟಿದ್ದು ಮಕ್ಕಳ ಮನೆಯಲ್ಲೂ ಇಂಟರ್‌ನೆಟ್ ಇರುವ ನಾಡಿನಲ್ಲಿ. ನಮ್ಮಲ್ಲಿ ಬೇಸಿಗೆಗೆ ಮುಂಚೆಯೇ ಕುಟುಂಬಗಳು ಬೆಂಗಳೂರಿಗೆ ಗುಳೆ ಹೋಗುತ್ತವೆ. ಅಪ್ಪ ಹೋದರೆ ಮನೆಯ ಒಂದೇ ಫೋನು ಅವನ ಜೊತೆ ಹೋಗುತ್ತದೆ. ಮಗು ಅಜ್ಜಿಯ ಮನೆಯಲ್ಲಿ ಉಳಿಯುತ್ತದೆ. ಆ ಮಗುವಿಗೆ ‘ಇಂಟರ್‌ನೆಟ್‌ನಲ್ಲಿ ನೋಡಿಕೊಂಡು ಬಾ’ ಎಂದು ಹೋಮ್‌ವರ್ಕ್ ಕೊಟ್ಟರೆ ಅದು ಏನು ಮಾಡಬೇಕು?

ಹೆಣ್ಣುಮಕ್ಕಳ ಮಾತು ಇನ್ನೂ ಬೇರೆ. ಗ್ರಾಮೀಣ ಭಾರತದ ಬಗ್ಗೆ 2024ರ ಅಸರ್ ವರದಿ 14ರಿಂದ 16 ವರ್ಷದ ಮಕ್ಕಳನ್ನು ಕೇಳಿತ್ತು. 82.2 ಶೇಕಡಾ ಮಕ್ಕಳು ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎಂದರು. ಅವರಲ್ಲಿ ಸ್ವಂತ ಫೋನ್ ಇದ್ದದ್ದು ಗಂಡುಮಕ್ಕಳಲ್ಲಿ 36.2 ಶೇಕಡಾ, ಹೆಣ್ಣುಮಕ್ಕಳಲ್ಲಿ 26.9 ಶೇಕಡಾ. ಹಿಂದಿನ ವಾರ ಓದಿಗೆ ಸಂಬಂಧಿಸಿ ಫೋನ್ ಬಳಸಿದವರು 57 ಶೇಕಡಾ, ಸೋಶಿಯಲ್ ಮೀಡಿಯಾಕ್ಕೆ ಬಳಸಿದವರು 76 ಶೇಕಡಾ. ಅಂದರೆ ಫೋನು ಒತ್ತುವುದನ್ನು ನಾವು ಕಲಿಸಬೇಕಿಲ್ಲ. ಅದರಿಂದ ಕಲಿಯುವುದನ್ನು ಕಲಿಸಬೇಕು. ಮತ್ತು ಶಾಲೆಯಲ್ಲೇ ಕಲಿಸಬೇಕು. ಮನೆಗೆ ಬಿಟ್ಟರೆ ಹುಡುಗಿಯರು ಹಿಂದೆ ಉಳಿಯುತ್ತಾರೆ.

ಒಂದು ಪಾಠ, ಒಂದು ಬದಲಾವಣೆ

ಮಾನದಂಡವನ್ನು ಪಾಠಕ್ಕೆ ಸೇರಿಸುವುದು ಎಂದರೆ ಹೊಸ ಪಿರಿಯಡ್ ಹಾಕುವುದಲ್ಲ. ಪಾಠ ಯೋಜನೆಯಲ್ಲಿ ‘ಶಿಕ್ಷಕರು ತೋರಿಸುವರು’ ಎಂದು ಇರುವ ಒಂದು ಕಡೆ ‘ಮಕ್ಕಳು ಅಳೆಯುವರು’, ‘ಮಕ್ಕಳು ಹೋಲಿಸುವರು’, ‘ಮಕ್ಕಳು ಹೇಳುವರು’ ಎಂದು ಕ್ರಿಯಾಪದ ಬದಲಿಸುವುದು. ನನ್ನ ಮಟ್ಟಿಗೆ ಎಲ್ಲ ಅಡಗಿರುವುದು ಇಲ್ಲಿ.

2025ರ ಮಳೆಗಾಲದಲ್ಲಿ ಮಾಡಿದ ಒಂದು ಕೆಲಸ ಹೇಳುತ್ತೇನೆ. ಹತ್ತನೇ ತರಗತಿ ಗಣಿತದಲ್ಲಿ ಸಂಖ್ಯಾಶಾಸ್ತ್ರದ ಅಧ್ಯಾಯ ಇದೆ. ಸರಾಸರಿ, ಮಧ್ಯಾಂಕ, ಬಹುಲಕ. ಪುಸ್ತಕದ ಅಂಕಿಗಳ ಬದಲು ನಾವು ತುಂಗಭದ್ರಾ ಜಲಾಶಯದ ಮಟ್ಟ ತೆಗೆದುಕೊಂಡೆವು. ನೀರಿನ ಮಟ್ಟ, ಒಳಹರಿವು, ಹೊರಹರಿವು ಪತ್ರಿಕೆಯಲ್ಲಿ ಬರುತ್ತದೆ. ಜೂನ್‌ನಿಂದ ದಿನಕ್ಕೊಬ್ಬರ ಸರದಿ. ಸರದಿ ಬಂದವರು ಗೋಡೆಯ ಚಾರ್ಟಿನಲ್ಲಿ ಅಂಕಿ ಬರೆಯಬೇಕು. ಯಾರ ಮನೆಯಲ್ಲೂ ಫೋನು ಬೇಕಿಲ್ಲ, ಪತ್ರಿಕೆ ಶಾಲೆಗೇ ಬರುತ್ತದೆ.

ಮೊದಲು ಕೈಯಿಂದ ಗ್ರಾಫ್ ಎಳೆಯಲು ಹೇಳಿದೆ. ಡ್ಯಾಮಿನ ಪೂರ್ಣ ಮಟ್ಟ 1633 ಅಡಿ. ಒಂದು ಗುಂಪು ಸೊನ್ನೆಯಿಂದ ಅಳತೆ ಶುರು ಮಾಡಿತು. ಗ್ರಾಫ್ ಹಾಳೆಯಲ್ಲಿ ಗೆರೆ ಮೇಲೆಲ್ಲೋ ನೆಟ್ಟಗೆ ಅಡ್ಡ ಮಲಗಿತು. ಜಲಾಶಯ ತುಂಬಿದ್ದೇ ಕಾಣಲಿಲ್ಲ. ಆಮೇಲೆ ಅದೇ ಅಂಕಿಗಳನ್ನು ಲ್ಯಾಬಿನ ಕಂಪ್ಯೂಟರಿನಲ್ಲಿ ಎಕ್ಸೆಲ್ ಥರದ ಶೀಟಿಗೆ ಹಾಕಿದರು. ಕಂಪ್ಯೂಟರ್ ತಾನೇ ಅಳತೆ ಆರಿಸಿಕೊಂಡಿತು. ಗೆರೆ ಗುಡ್ಡ ಹತ್ತಿದ ಹಾಗೆ ಮೇಲೆದ್ದಿತು. “ಸರ, ಎರಡ್ರಾಗ ಯಾವುದು ಖರೆ?” ಎಂದು ಕೇಳಿದರು. ಎರಡೂ ನಿಜ. ಅಂಕಿ ಅದೇ, ಅಳತೆ ಬೇರೆ. ಅದೇ ಅಂಕಿಯಿಂದ ಕಡಿಮೆ ಬದಲಾಗಿದೆ ಎಂದೂ ತೋರಿಸಬಹುದು, ವಿಪರೀತ ಬದಲಾಗಿದೆ ಎಂದೂ ತೋರಿಸಬಹುದು. ಟಿವಿಯಲ್ಲಿ, ಜಾಹೀರಾತಿನಲ್ಲಿ ಗ್ರಾಫ್ ಕಂಡಾಗ ಮೊದಲು ಎಡಗಡೆಯ ಅಂಕಿ ನೋಡಬೇಕು ಎಂದು ನಾನು ಹೇಳುವ ಮೊದಲೇ ಒಬ್ಬ ಹುಡುಗ ಹೇಳಿದ.

ಜುಲೈನಲ್ಲಿ ಮತ್ತೊಂದು ಪ್ರಶ್ನೆ ಬಂತು. ಒಳಹರಿವು ಚೆನ್ನಾಗಿದೆ, ಗೆರೆ ಮಾತ್ರ ಮೇಲೇರುತ್ತಿಲ್ಲ. ಯಾಕೆ? ಮಕ್ಕಳು ಹುಡುಕಿದರು. ಗೇಟುಗಳ ಸುರಕ್ಷತೆಗಾಗಿ ಆ ಮಳೆಗಾಲ 80 ಟಿಎಂಸಿಯಷ್ಟೇ ನೀರು ನಿಲ್ಲಿಸಲು ತೀರ್ಮಾನ ಆಗಿತ್ತು. ಡ್ಯಾಮಿನ ಈಗಿನ ಸಾಮರ್ಥ್ಯ 105.788 ಟಿಎಂಸಿ. ಕಟ್ಟಿದಾಗ ಸುಮಾರು 133 ಇತ್ತು. ನಡುವಿನದು ಹೂಳು ತಿಂದಿತು. ಒಂದು ಅಡಿ ಮಟ್ಟ ಏರಿದರೆ ಎಷ್ಟು ಟಿಎಂಸಿ ಏರುತ್ತದೆ ಎಂದು ಲೆಕ್ಕ ಹಾಕಿದಾಗ, ಕೆಳಗಿನ ಒಂದು ಅಡಿಗಿಂತ ಮೇಲಿನ ಒಂದು ಅಡಿಯಲ್ಲಿ ನೀರು ಜಾಸ್ತಿ ಹಿಡಿಯುತ್ತದೆ ಎಂದು ಅವರಿಗೇ ಗೊತ್ತಾಯಿತು. ತಟ್ಟೆಯ ಆಕಾರ ನೆನೆಸಿಕೊಂಡು ಒಬ್ಬಳು ಅದನ್ನು ಉಳಿದವರಿಗೆ ವಿವರಿಸಿದಳು. ಇದು ಪಠ್ಯದ ಗಣಿತ. ಇದೇ ಮಾಹಿತಿ ತೂಗುವುದು, ಇದೇ ಹಂತ ಹಂತವಾಗಿ ಯೋಚಿಸುವುದು. ಮಾನದಂಡದ ಹೆಸರು ಹೇಳದೆಯೇ ಎರಡು ಮೂರು ಮಾನದಂಡ ಅಲ್ಲಿ ಬಂದು ಹೋದವು.

ಇದರಲ್ಲಿ ನಾನು ಒಂದು ಕ್ರಮ ಬಿಡುವುದಿಲ್ಲ. ಮೊದಲು ಊಹೆ, ಆಮೇಲೆ ಕೈ, ಕೊನೆಗೆ ಯಂತ್ರ. ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ಅರ್ಧವೃತ್ತದೊಳಗಿನ ಕೋನ ಯಾವಾಗಲೂ 90 ಡಿಗ್ರಿ ಎಂದು ಎಳೆದು ತೋರಿಸಬಹುದು. ಇಂಟರ್‌ನೆಟ್ ಇಲ್ಲದೆಯೂ ಅದು ನಡೆಯುತ್ತದೆ, ದುಡ್ಡು ಬೇಕಿಲ್ಲ. ಆದರೆ ಬಿಂದುವನ್ನು ಎಳೆಯುವ ಮೊದಲು ‘ಈ ಕಡೆ ಸರಿಸಿದರೆ ಕೋನ ಹೆಚ್ಚುತ್ತದೋ ಕಡಿಮೆ ಆಗುತ್ತದೋ’ ಎಂದು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಹೆಚ್ಚುತ್ತದೆ ಎಂದು ಬರೆದ ಮಗು ಬಿಂದು ಸರಿದರೂ 90 ಅಲ್ಲೇ ನಿಂತದ್ದನ್ನು ನೋಡಿ ಬೆರಗಾಗುತ್ತದೆ. ಆ ಬೆರಗಿನ ಹೊತ್ತಿನಲ್ಲಿ ‘ಯಾಕೆ’ ಎಂದು ಕೇಳಿದರೆ ಪ್ರಮೇಯದ ಸಾಧನೆ ಬರೆಯಲು ಮಗು ತಾನೇ ಮುಂದೆ ಬರುತ್ತದೆ. ಸುಮ್ನೆ ತೋರಿಸಿದರೆ ಸುಮ್ನೆ ನೋಡುತ್ತದೆ. ವಿಜ್ಞಾನದ ಸಹೋದ್ಯೋಗಿ ಕೊಲರಾಡೊ ವಿಶ್ವವಿದ್ಯಾಲಯದ, ಪ್ರಯೋಗವನ್ನು ಪರದೆಯ ಮೇಲೆ ಮಾಡಿ ನೋಡುವ ಫೆಟ್ ಸಿಮ್ಯುಲೇಶನ್‌ಗಳನ್ನು ಹೀಗೇ ಬಳಸುತ್ತಾರೆ. ಅವುಗಳಲ್ಲಿ ಕೆಲವು ಕನ್ನಡದಲ್ಲೂ ಇವೆ, ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತರಬಹುದು.

ಸಮಾಜ ವಿಜ್ಞಾನಕ್ಕೆ ನಮ್ಮ ಮೂರು ಜಿಲ್ಲೆಗಳಷ್ಟು ಒಳ್ಳೆಯ ಜಾಗ ಸಿಗುವುದು ಕಷ್ಟ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದಲೇ ದೇವಾನಾಂಪ್ರಿಯ ಅಂದರೆ ಅಶೋಕ ಎಂದು ಖಚಿತವಾಯಿತು. ಕೊಪ್ಪಳದಲ್ಲಿ ಗವಿಮಠದ ಗುಡ್ಡ, ಪಾಲ್ಕಿಗುಂಡು, ಎರಡೂ ಕಡೆ ಅಶೋಕನ ಶಾಸನ ಇವೆ. ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉದೇಗೊಳಂ ಶಾಸನಗಳಲ್ಲೂ ಅಶೋಕನ ಹೆಸರಿದೆ. ನಮ್ಮ ಸಹೋದ್ಯೋಗಿಯೊಬ್ಬರು ಈ ಶಾಸನಗಳ ಬಗ್ಗೆ ಒಂದು ಎಐ ಆ್ಯಪನ್ನು ಮಕ್ಕಳ ಎದುರೇ ಕನ್ನಡದಲ್ಲಿ ಕೇಳಿದರು. ಉತ್ತರ ಸರಾಗವಾಗಿ ಬಂತು, ಓದಲು ಚೆನ್ನಾಗಿತ್ತು. ಅದರಲ್ಲಿ ಮಸ್ಕಿ ಕೊಪ್ಪಳ ಜಿಲ್ಲೆಯಲ್ಲಿತ್ತು. ಮಸ್ಕಿಯಲ್ಲಿ ಸೋದರತ್ತೆ ಇರುವ ಹುಡುಗಿಯೊಬ್ಬಳು ತಕ್ಷಣ ಹಿಡಿದಳು. ಆಮೇಲೆ ಪ್ರತಿ ಸಾಲಿಗೂ ‘ಇದನ್ನು ಎಲ್ಲಿ ನೋಡಿ ಖಚಿತ ಮಾಡಿಕೊಳ್ಳೋಣ’ ಎಂದು ಪಟ್ಟಿ ಮಾಡಿದರು. ಪುಸ್ತಕ, ನಕ್ಷೆ, ಕೊನೆಗೆ ಒಂದು ಶನಿವಾರ ಗವಿಮಠದ ಗುಡ್ಡವನ್ನೇ ಹತ್ತಿದರು. ಎಐ ಬಗ್ಗೆ ಮಕ್ಕಳಿಗೆ ಭಾಷಣ ಮಾಡುವುದಕ್ಕಿಂತ ಇದು ಸಾವಿರ ಪಾಲು ಮೇಲು ಎಂದು ನನಗನ್ನಿಸಿತು. ಬೇಡ ಎಂದು ದೂರ ಇಡಲೂ ಇಲ್ಲ, ಹೇಳಿದ್ದನ್ನೆಲ್ಲ ನಂಬಲೂ ಇಲ್ಲ.

ಕನ್ನಡ ಪಾಠದ್ದೂ ಒಂದು ಮಾತು. ಮಕ್ಕಳು ಅಜ್ಜಿಯರಿಂದ ಬೀಸುವ ಪದ ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ತಂದರು. ಮಾತು ಕೇಳಿ ತಾನೇ ಟೈಪ್ ಮಾಡುವ ಒಂದು ಆ್ಯಪಿಗೆ ಅದನ್ನು ಕೇಳಿಸಿದೆವು. ‘ಹೋಗ್ಯಾಳ’, ‘ಬರಾಕತ್ತಾಳ’ ಎಂಬ ಮಾತುಗಳು ಅದಕ್ಕೆ ತಿಳಿಯಲೇ ಇಲ್ಲ. ಏನೇನೋ ಬರೆಯಿತು. ಒಬ್ಬ ಹುಡುಗ ಬೇಸರದಿಂದ, “ನಮ್ಮ ಮಾತು ತಪ್ಪೇನ್ರಿ ಸರ?” ಎಂದು ಕನ್ನಡ ಮೇಷ್ಟ್ರನ್ನು ಕೇಳಿದ. ಅವನ ಆ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ತಪ್ಪು ಅವನ ಮಾತಿನದ್ದಲ್ಲ. ಯಂತ್ರಕ್ಕೆ ಕಲಿಸಿದವರು ಅವನ ಅಜ್ಜಿಯ ಮಾತನ್ನು ಅದಕ್ಕೆ ಸಾಕಷ್ಟು ಕೇಳಿಸಿಲ್ಲ. ಇದು ಅವನಿಗೆ ಗೊತ್ತಾಗಬೇಕು. ಆ ಪದಗಳನ್ನು ಮಕ್ಕಳು ಕೈಯಾರೆ ಯುನಿಕೋಡ್‌ನಲ್ಲಿ ಟೈಪ್ ಮಾಡಿದರು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಯುನಿಕೋಡ್‌ನಲ್ಲಿದ್ದರೆ ಸಿಗುತ್ತದೆ. ಅಜ್ಜಿಯ ಹಾಡು ಹುಡುಕಿದವರಿಗೆ ಸಿಗಬೇಕಾದರೆ ಇದು ತಿಳಿದಿರಬೇಕು ಎಂದಾಗ ಮಕ್ಕಳು ಕೀಬೋರ್ಡ್ ಕಲಿತ ವೇಗ ನಾನು ಬೇರೆಲ್ಲೂ ಕಂಡಿಲ್ಲ.

ನಲವತ್ತೆಂಟು ಮಕ್ಕಳು, ನಡೆಯುವ ಆರು ಕಂಪ್ಯೂಟರ್

ನಮ್ಮ ಹತ್ತನೇ ತರಗತಿಯ ಲೆಕ್ಕ ಇದು. ಎಂಟೆಂಟು ಮಕ್ಕಳ ಆರು ಗುಂಪು. ಪ್ರತಿ ಗುಂಪಿನಲ್ಲಿ ಒಬ್ಬರ ಕೈಯಲ್ಲಿ ಮೌಸ್, ಒಬ್ಬರು ಅಂಕಿ ಓದುವವರು, ಒಬ್ಬರು ತಪ್ಪು ಹಿಡಿಯುವವರು, ಒಬ್ಬರು ಬರೆದುಕೊಳ್ಳುವವರು. ಉಳಿದ ನಾಲ್ವರು ಅದೇ ಹೊತ್ತಿನಲ್ಲಿ ಹಾಳೆಯ ಮೇಲೆ ಅದೇ ಲೆಕ್ಕ ಮಾಡುತ್ತಾರೆ. ಹತ್ತು ನಿಮಿಷಕ್ಕೆ ಅದಲು ಬದಲು. ಈ ಸರದಿ ಕಡ್ಡಾಯ ಮಾಡದಿದ್ದರೆ ಏನಾಗುತ್ತದೆ ಗೊತ್ತೇ? ಮನೆಯಲ್ಲಿ ಫೋನ್ ಇರುವ ಹುಡುಗ ಮೌಸ್ ಹಿಡಿಯುತ್ತಾನೆ, ಪಿರಿಯಡ್ ಮುಗಿಯುವ ತನಕ ಬಿಡುವುದಿಲ್ಲ. ಹುಡುಗಿಯರು ಹಿಂದೆ ನಿಂತು ನೋಡುತ್ತಾರೆ. ಮೊದಲ ತಿಂಗಳು ನಾನು ಇದನ್ನು ಗಮನಿಸಲೇ ಇಲ್ಲ. ಗಮನಿಸಿದ ಮೇಲೆ, ಮೊದಲ ಸರದಿ ಯಾವಾಗಲೂ ಹುಡುಗಿಯರದು ಎಂದು ಮಾಡಿದೆ.

ಕರೆಂಟು ಹೋದರೆ? ಹೋಗುತ್ತದೆ. ಹಾಳೆಯ ಕೆಲಸ ಜೊತೆಗೇ ನಡೆಯುವುದರಿಂದ ಪಾಠ ನಿಲ್ಲುವುದಿಲ್ಲ.

ಸುರಕ್ಷತೆಯನ್ನು ಪ್ರತ್ಯೇಕ ಪಾಠ ಮಾಡಬೇಡಿ, ಬಂದಲ್ಲಿ ಹೇಳಿ. ಒಟಿಪಿ ಯಾರಿಗೂ ಹೇಳಬಾರದು, ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಇದನ್ನು ನನ್ನ ವಿದ್ಯಾರ್ಥಿಗಳು ಅಪ್ಪ ಅಮ್ಮನಿಗೂ ಹೇಳಿಕೊಟ್ಟಿದ್ದಾರೆ. ನಾವು ಶಿಕ್ಷಕರು ತಿದ್ದಿಕೊಳ್ಳಬೇಕಾದದ್ದೂ ಇದೆ. ಮಕ್ಕಳ ಫೋಟೋ, ಅಂಕಪಟ್ಟಿ, ಆಧಾರ್ ಪ್ರತಿಗಳನ್ನು ಗ್ರೂಪಿನಿಂದ ಗ್ರೂಪಿಗೆ ಕಳಿಸುತ್ತೇವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಎನ್ನುತ್ತದೆ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ. ಮಕ್ಕಳು ನಮ್ಮನ್ನು ನೋಡಿಯೇ ಕಲಿಯುತ್ತಾರೆ ಅಲ್ವಾ.

ತರಬೇತಿ ಮತ್ತು ತಪಾಸಣೆ ಬದಲಾಗದೆ ಆಗದು

ಶಿಕ್ಷಣ ಸಂಶೋಧಕರಾದ ಪುಣ್ಯ ಮಿಶ್ರ ಮತ್ತು ಮ್ಯಾಥ್ಯೂ ಕೊಹ್ಲರ್ 2006ರಲ್ಲಿ ಒಂದು ಸರಳ ವಿಚಾರ ಮುಂದಿಟ್ಟರು. ಶಿಕ್ಷಕರಿಗೆ ವಿಷಯ ಗೊತ್ತಿರಬೇಕು, ಕಲಿಸುವ ರೀತಿ ಗೊತ್ತಿರಬೇಕು, ತಂತ್ರಜ್ಞಾನ ಗೊತ್ತಿರಬೇಕು. ಇವು ಮೂರನ್ನೂ ಬೇರೆ ಬೇರೆಯಾಗಿ ತಿಳಿದರೆ ಸಾಲದು, ಮೂರೂ ಕೂಡುವ ಜಾಗದ ತಿಳಿವು ಬೇಕು. ನಾನು ಹೋದ ತರಬೇತಿಗಳಲ್ಲಿ ಹೆಚ್ಚಿನವು ಮೂರನೆಯದನ್ನು ಮಾತ್ರ ಕಲಿಸಿದವು. ಗಣಿತದವರು, ಕನ್ನಡದವರು, ದೈಹಿಕ ಶಿಕ್ಷಕರು ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ಮಾಡುವುದನ್ನು ಹೇಳಿಕೊಟ್ಟರು. ಮರುದಿನ ಶಾಲೆಗೆ ಹೋಗಿ ಯಾವ ಪಾಠದಲ್ಲಿ ಏನು ಮಾಡಬೇಕು ಎಂದು ಯಾರಿಗೂ ತಿಳಿಯಲಿಲ್ಲ.

ಬೇರೆ ದಾರಿ ಈ ರಾಜ್ಯದಲ್ಲೇ ಇತ್ತು. ಪ್ರೌಢಶಾಲಾ ಶಿಕ್ಷಕರ ವಿಷಯ ಶಿಕ್ಷಕರ ವೇದಿಕೆಯಲ್ಲಿ ಒಂದೇ ವಿಷಯದವರು ಕೂಡಿ, ಮುಕ್ತ ತಂತ್ರಾಂಶ ಕಲಿತು, ತಾವೇ ಪಾಠ ಸಾಮಗ್ರಿ ತಯಾರಿಸಿ ಹಂಚಿಕೊಂಡರು. ಅದರಿಂದ ಕನ್ನಡದಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಒಂದು ಸಂಗ್ರಹವೇ ಬೆಳೆಯಿತು. ಒಂದು ತಾಲ್ಲೂಕಿನ ಗಣಿತ ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ಒಂದೇ ಒಂದು ಪಾಠವನ್ನು ಹೀಗೆ ಬದಲಿಸಿ, ಮಾಡಿ ನೋಡಿ, ಎಲ್ಲಿ ಕೆಟ್ಟಿತು ಎಂದು ಮಾತಾಡಿದರೆ ಸಾಕು. ಸ್ಲೈಡು ಬೇಡ.

ಅಂಕದ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತಕ್ಕೆ ಲಿಖಿತ 80, ಆಂತರಿಕ ಮೌಲ್ಯಮಾಪನ 20. ಆ 20 ಅಂಕದ ಚಟುವಟಿಕೆಗಳಲ್ಲೇ ಜಲಾಶಯದ ಗ್ರಾಫ್ ಬರುತ್ತದೆ. ಹೊಸ ಆದೇಶಕ್ಕೆ ಕಾಯಬೇಕಿಲ್ಲ. ಅಂಗಡಿಯಿಂದ ಚಾರ್ಟ್ ಕೊಂಡು ತಂದು ಅಂಟಿಸುವುದಕ್ಕೆ ಕೊಡುವ ಅಂಕವನ್ನು ಇದಕ್ಕೆ ಕೊಟ್ಟರೆ ಆಯಿತು.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದ ಮೇಲೆ ನಮ್ಮ ಭಾಗದ ಶಾಲೆಗಳಿಗೆ ಕಟ್ಟಡ, ಸಲಕರಣೆ ಬಂದಿವೆ. ಇನ್ನೂ ಬರಲಿ. ನನ್ನ ಬೇಡಿಕೆ ಎರಡೇ. ಒಂದು, ಹೊಸ ಬೋರ್ಡ್ ಕೊಡುವಾಗಲೇ ಮುಂದಿನ ಐದು ವರ್ಷದ ರಿಪೇರಿಗೂ ಬ್ಯಾಟರಿಗೂ ದುಡ್ಡು ಇಡಬೇಕು, ಅದನ್ನು ಹೆಡ್‌ಮಾಸ್ಟರ್ ಹೆದರದೆ ಖರ್ಚು ಮಾಡುವಂತಿರಬೇಕು. ಎರಡು, ತಪಾಸಣೆಗೆ ಬಂದವರು ‘ಎಷ್ಟು ಗಂಟೆ ವಿಡಿಯೋ ತೋರಿಸಿದಿರಿ’ ಎಂದು ಕೇಳುವ ಬದಲು ‘ಮಕ್ಕಳು ಮಾಡಿದ್ದು ಏನಾದರೂ ತೋರಿಸಿ’ ಎಂದು ಕೇಳಬೇಕು. ಆ ಒಂದು ಪ್ರಶ್ನೆ ಬದಲಾದರೆ ಅಲ್ಮೇರಾದಿಂದ ಬೀಗದ ಕೈ ತಾನೇ ಹೊರಗೆ ಬರುತ್ತದೆ ಎಂಬ ನಂಬಿಕೆ ನನಗಿದೆ.

ಜಲಾಶಯದ ಆ ಚಾರ್ಟ್ ಇನ್ನೂ ನಮ್ಮ ತರಗತಿಯ ಗೋಡೆಯ ಮೇಲಿದೆ. ಸೆಪ್ಟೆಂಬರ್‌ನಲ್ಲಿ ಒಂದು ದಿನ, ಡ್ಯಾಮ್ ಒಡೆಯಿತಂತೆ ಎಂದು ಹಿಂದಿನ ವರ್ಷ ಕೇಳಿದ್ದ ಹುಡುಗಿಯ ತಂಗಿಯ ಸರದಿ ಇತ್ತು. ಅವಳು ಅಂಕಿ ಬರೆಯದೆ ನಿಂತಿದ್ದಳು. “ಸರ, ಪೇಪರ್‌ನಾಗ ಒಂದು ಅಂಕಿ ಐತ್ರಿ, ನಿಮ್ಮ ಫೋನ್‌ನಾಗ ಒಂದು ಐತ್ರಿ. ಯಾವುದು ಬರೀಲಿ?” ಎರಡನ್ನೂ ಪಕ್ಕದಲ್ಲಿಟ್ಟು ನೋಡು ಎಂದೆ. ಸ್ವಲ್ಪ ಹೊತ್ತಿಗೆ ಅವಳೇ ಹೇಳಿದಳು: ಪೇಪರಿನದು ನಿನ್ನೆ ಬೆಳಗಿನದು, ಫೋನಿನದು ಇವತ್ತಿನದು. ಆಮೇಲೆ ಚಾರ್ಟಿನ ತುದಿಗೆ ಸ್ಕೇಲ್ ಇಟ್ಟು ಹೊಸದೊಂದು ಕಾಲಂ ಎಳೆದಳು. ಮೇಲೆ ‘ಯಾವ ದಿನದ್ದು’ ಎಂದು ಬರೆದಳು.